ನನ್ನ ಎದಿ, ನನ್ನ ರೊಕ್ಕ

ಹೋದ ತಿಂಗಳು ಅಥಣಿ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದ್ದರು. ಬಸ್ ನಿಲ್ದಾಣದಲ್ಲಿ ಬೀಡಿ ಹಚ್ಚಿದ್ದಕ್ಕೆ ದಂಡ ಕಟ್ಟಿ ಬಂದಿದ್ದರಂತೆ. ಸಿಟ್ಟು ಇತ್ತು, ಮಾತಿನಲ್ಲಿ ಒರಟುತನ ಮಾತ್ರ ಇರಲಿಲ್ಲ. “ಅಲ್ರೀ, ಎದಿ ನಂದು, ರೊಕ್ಕ ನಂದು. ಸುಟ್ಕೊಂಡ್ರ ನಾ ಸುಟ್ಕೋತೇನಿ. ಇದರಾಗ ಸರ್ಕಾರದ ಗಂಟೇನು ಹೋಗ್ತದ? ಆರೋಗ್ಯದ ಬಗ್ಗೆ ಬರೀತೀರಲ್ಲ, ಇದನ್ನೊಂದೀಟು ಬಿಡಿಸಿ ಬರೀರಿ” ಎಂದರು.

ಇಂಥ ಪ್ರಶ್ನೆ ಈ ಅಂಕಣಕ್ಕೆ ಆಗಾಗ ಬರುತ್ತಲೇ ಇರುತ್ತದೆ. ಒಬ್ಬರು ಹೆಲ್ಮೆಟ್ಟಿನ ಬಗ್ಗೆ ಕೇಳಿದರೆ ಇನ್ನೊಬ್ಬರು ಲಸಿಕೆಯ ಬಗ್ಗೆ ಕೇಳುತ್ತಾರೆ. ಎಲ್ಲರ ಮನಸ್ಸಿನಲ್ಲಿರುವುದು ಒಂದೇ: ನನ್ನ ಒಡಲಿನ ಮೇಲೆ ನನಗೆಷ್ಟು ಹಕ್ಕು, ಮಂದಿಗೆಷ್ಟು? ನಾನು ಹುಟ್ಟಿ ಬೆಳೆದದ್ದು ಚಿಕ್ಕೋಡಿಗೂ ನಿಪ್ಪಾಣಿಗೂ ನಡುವಿನ ತಂಬಾಕಿನ ಸೀಮೆಯಲ್ಲಿ. ಹಾಗಾಗಿ ಇದನ್ನು ಕಾನೂನಿನ ಪುಸ್ತಕವೊಂದನ್ನೇ ಇಟ್ಟುಕೊಂಡು ಬಿಡಿಸಲು ನನಗಾಗದು. ನಮ್ಮ ಹೊಲ, ನಮ್ಮೂರ ತಂಬಾಕಿನ ವಖಾರಿ, ನಮ್ಮ ಮನೆಯ ಪಡಸಾಲೆಯನ್ನು ಹಾದೇ ಹೋಗಬೇಕು.

ಮೊದಲು ಆ ಹಿರಿಯರ ಮಾತಿನಲ್ಲಿ ಎಷ್ಟು ಸತ್ಯವಿದೆ ನೋಡೋಣ. ಸಾಕಷ್ಟಿದೆ. ಜನರ ಮೈಗೇ ಕೈ ಹಾಕುವ ಸರ್ಕಾರ ಹೇಗಿರುತ್ತದೆ ಎಂಬುದನ್ನು ಈ ದೇಶ ತುರ್ತು ಪರಿಸ್ಥಿತಿಯಲ್ಲಿ ಕಂಡಿದೆ. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಕೆಳಗಿನ ನೌಕರರಿಗೆ ಗುರಿ ಕೊಟ್ಟು, ಅದನ್ನು ಮುಟ್ಟದವರ ಸಂಬಳ ತಡೆದು, ಬಡವರನ್ನು ಹಿಡಿದು ತಂದದ್ದೂ ಉಂಟು. ಅದಾಗಿ ಎಷ್ಟೋ ವರ್ಷ, ಊರಿಗೆ ಆರೋಗ್ಯ ಇಲಾಖೆಯ ಜೀಪು ಬಂದರೆ ಗಂಡಸರು ಕಬ್ಬಿನೊಳಗೆ ಹೊಕ್ಕು ಕೂಡುತ್ತಿದ್ದರು ಎಂದು ನಮ್ಮಪ್ಪ ಹೇಳುತ್ತಿದ್ದ. ಒತ್ತಾಯದ ಆರೋಗ್ಯ ಕಾರ್ಯಕ್ರಮ ಆ ಹೊತ್ತಿನ ಲೆಕ್ಕವನ್ನು ತುಂಬಿಸೀತು, ಮುಂದಿನ ಇಪ್ಪತ್ತು ವರ್ಷದ ನಂಬಿಕೆಯನ್ನು ಸುಟ್ಟು ಹಾಕುತ್ತದೆ. ಆದ್ದರಿಂದ “ನನ್ನ ಎದಿ ನಂದು” ಎನ್ನುವವರನ್ನು ನಾನು ತಿಳಿಗೇಡಿ ಎನ್ನಲಾರೆ.

ಆದರೆ ಅವರಿಗೆ ದಂಡ ಬಿದ್ದದ್ದು ತಮ್ಮ ಎದೆ ಸುಟ್ಟುಕೊಂಡ ತಪ್ಪಿಗೆ ಅಲ್ಲ. ಬೀಡಿ ಸೇದುವುದನ್ನು ಈ ದೇಶದ ಯಾವ ಕಾನೂನೂ ನಿಷೇಧಿಸಿಲ್ಲ. ಮನೆಯ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ದಿನಕ್ಕೆರಡು ಕಟ್ಟು ಸೇದಿದರೂ ಪೊಲೀಸರು ಬರುವುದಿಲ್ಲ. ಬಸ್ ನಿಲ್ದಾಣದ ಗಾಳಿ ಮಾತ್ರ ಅವರೊಬ್ಬರದಲ್ಲ. ಮುರಳಿ ದೇವ್ರಾ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಹೇಳಿದ್ದು ಇದನ್ನೇ. ಸೇದದವನೊಬ್ಬ ಪಕ್ಕದವನ ಹೊಗೆಯಿಂದ ಕಾಯಿಲೆ ಬೀಳಬೇಕಾದರೆ, ಸಂವಿಧಾನದ 21ನೇ ವಿಧಿ ಅವನಿಗೆ ಕೊಟ್ಟ ಬದುಕುವ ಹಕ್ಕನ್ನು ಯಾವ ಕಾನೂನಿನ ಆಧಾರವೂ ಇಲ್ಲದೆ ಕಿತ್ತುಕೊಂಡಂತಾಯಿತು ಎಂಬುದು ನ್ಯಾಯಾಲಯದ ತರ್ಕ. 2003ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆ ಬಂತು, ‘ಕೋಟ್ಪಾ’ ಎಂದು ಕಚೇರಿಗಳಲ್ಲಿ ಕರೆಯುವುದು ಅದನ್ನೇ. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ಬಿಗಿ ನಿಯಮ 2008ರ ಅಕ್ಟೋಬರ್ 2ರಿಂದ ಜಾರಿಯಾಯಿತು. ಆಗ ದಂಡ 200 ರೂಪಾಯಿಯವರೆಗೆ. ಕರ್ನಾಟಕ ತನ್ನದೇ ತಿದ್ದುಪಡಿ ತಂದು, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆದು, ದಂಡವನ್ನು 1,000 ರೂಪಾಯಿಗೆ ಏರಿಸಿತು. ತಂಬಾಕು ಮಾರಲು ಗಿರಾಕಿಗೆ 21 ತುಂಬಿರಬೇಕು ಎಂದಿತು. ಬಿಡಿಬಿಡಿಯಾಗಿ ಮಾರುವುದನ್ನೂ ತಡೆಯಿತು.

ಬೀಡಿಯ ಹೊಗೆ ಸಿಗರೇಟಿನದಕ್ಕಿಂತ ಸೌಮ್ಯ, ಎಲೆಯಲ್ಲಿ ಸುತ್ತಿದ್ದಲ್ಲವೇ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅದು ನಿಜವಲ್ಲ. ಬೀಡಿಯಲ್ಲಿ ತಂಬಾಕು ಕಡಿಮೆ, ಒಂದು ಗ್ರಾಮಿನ ಐದನೇ ಒಂದು ಪಾಲಿನಷ್ಟು. ಆದರೆ ಎಲೆಯ ಮೈಯಲ್ಲಿ ಗಾಳಿ ಆಡುವುದಿಲ್ಲ, ಬಿಟ್ಟರೆ ಆರಿಹೋಗುತ್ತದೆ. ಆರಬಾರದೆಂದು ಮತ್ತೆ ಮತ್ತೆ, ಆಳವಾಗಿ ಎಳೆಯಬೇಕು. ಹೀಗಾಗಿ ಟಾರು, ನಿಕೋಟಿನ್, ಇಂಗಾಲದ ಮಾನಾಕ್ಸೈಡ್ ಸಿಗರೇಟಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಒಳಗಿಳಿಯುತ್ತವೆ. ಸೇದುವವನು ಉಗುಳಿದ ಹೊಗೆಯೂ ಉರಿಯುವ ತುದಿಯಿಂದ ಏಳುವ ಹೊಗೆಯೂ ಕೂಡಿ ಪಕ್ಕದವರ ಮೂಗಿಗೆ ಹೋಗುತ್ತದೆ.

ಅಥಣಿಯವರ ಫೋನ್ ಬಂದ ಕೆಲವೇ ದಿನಗಳಿಗೆ ರಾಯಬಾಗ ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿಯ ಪತ್ರ ಬಂತು. ಒಂದೇ ಖೋಲಿಯ ಮನೆ. ಮಾವ ಸೇದುತ್ತಾರೆ, ಗಂಡನೂ ಸೇದುತ್ತಾನೆ. ಮೂರು ವರ್ಷದ ಮಗುವಿಗೆ ಚಳಿಗಾಲ ಬಂತೆಂದರೆ ಎದೆ ಗೊರಗೊರ. ದವಾಖಾನೆಯಲ್ಲಿ ಹೊಗೆಯಿಂದ ದೂರ ಇಡಿ ಎಂದರಂತೆ. “ಎಲ್ಲಿ ದೂರ ಇಡಲಿ? ಬಸ್ ಸ್ಟ್ಯಾಂಡಿನಾಗ ಸೇದಿದ್ರ ದಂಡ ಹಾಕ್ತಾರ. ನಮ್ಮ ಮನ್ಯಾಗ ಯಾರು ಹಾಕೋರು?” ಎಂದು ಬರೆದಿದ್ದಾಳೆ.

ಆಕೆಯ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ಕೋಟ್ಪಾ ಹೊಸ್ತಿಲ ಹೊರಗೇ ನಿಲ್ಲುತ್ತದೆ. ನಿಲ್ಲಬೇಕಾದ್ದೂ ಅಲ್ಲೇ, ಯಾರ ಮನೆಯೊಳಗೆ ಯಾರು ಏನು ಮಾಡುತ್ತಿದ್ದಾರೆಂದು ಇಣುಕುವ ಪೊಲೀಸರು ನಮಗೆ ಬೇಡ. ಆದರೆ ಹೊಗೆ ಹೆಚ್ಚು ನಿಲ್ಲುವುದು ಅಲ್ಲಿಯೇ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 38.7ರಷ್ಟು ಮಂದಿ ತಮ್ಮ ಮನೆಯೊಳಗೇ ಇನ್ನೊಬ್ಬರ ಹೊಗೆ ಕುಡಿಯುತ್ತಾರೆ. ಇದು ವಯಸ್ಕರ ಲೆಕ್ಕ, ಆ ಮೂರು ವರ್ಷದ ಮಗು ಇದರಲ್ಲಿ ಸೇರಿಲ್ಲ. ಕಾನೂನು ಮುಟ್ಟದ ಆ ಖೋಲಿಯಲ್ಲಿ ಮಗುವಿನ ಹಕ್ಕನ್ನು ಕಾಯಬೇಕಾದವರು ಇಬ್ಬರೇ, ಅಪ್ಪ ಮತ್ತು ಅಜ್ಜ. ನಾನು ಹೊಣೆ ಎನ್ನುವುದು ಇದಕ್ಕೆ. ಮಗು ಎದ್ದು ಹೊರಗೆ ಹೋಗಲಾರದು, ದೊಡ್ಡವರು ಎದ್ದು ಕಟ್ಟೆಗೆ ಹೋಗಬಲ್ಲರು.

ಇಷ್ಟಕ್ಕೇ ನಿಲ್ಲಿಸಿದರೆ ಅಂಕಣ ಸುಲಭವಾಗಿ ಮುಗಿಯುತ್ತದೆ. ಆದರೆ ತಂಬಾಕಿನ ಸೀಮೆಯಲ್ಲಿ ಹುಟ್ಟಿದವನಿಗೆ ಹೊಣೆಯ ಬೆರಳನ್ನು ಸೇದುವವನ ಕಡೆಗಷ್ಟೇ ತೋರಿಸಿ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ನಮ್ಮಪ್ಪ ಎರಡೆಕರೆ ಕರಿ ಭೂಮಿಯಲ್ಲಿ ತಂಬಾಕು ಬೆಳೆಯುತ್ತಿದ್ದ. ಮಳೆಗಾಲದಲ್ಲಿ ಸಸಿ ಹಚ್ಚಿದರೆ ಚಳಿಗಾಲ ಮುಗಿಯುವ ಹೊತ್ತಿಗೆ ಕೊಯ್ಲು. ನಡುವೆ ಕುಡಿ ಮುರಿಯುವ ಕೆಲಸ. ಗಿಡ ಹೂ ಬಿಡದ ಹಾಗೆ ತುದಿ ಚಿವುಟಿದರೆ ಕಸುವೆಲ್ಲ ಎಲೆಗೆ ಇಳಿದು ಎಲೆ ದಪ್ಪವಾಗುತ್ತದೆ, ಘಾಟು ಏರುತ್ತದೆ. ಶಾಲೆ ಬಿಟ್ಟ ಮೇಲೆ ನಾವು ಹುಡುಗರೂ ಚಿವುಟಲು ಹೋಗುತ್ತಿದ್ದೆವು. ಬೆರಳಿಗೆಲ್ಲ ಕಪ್ಪು ಅಂಟು, ಎರಡು ಸಲ ಸೋಪು ಹಚ್ಚಿದರೂ ರೊಟ್ಟಿ ಕಹಿಯಾಗುತ್ತಿತ್ತು. ಬೆಳಗಿನ ಇಬ್ಬನಿಯಲ್ಲಿ ಹೊಲಕ್ಕೆ ಇಳಿದ ದಿನ ತಲೆ ತಿರುಗಿ ವಾಂತಿ ಬರುತ್ತಿತ್ತು. ತಂಬಾಕು ತಲೆಗೇರಿತು ಎಂದು ಮಜ್ಜಿಗೆ ಕುಡಿಸಿ ನೆರಳಿಗೆ ಮಲಗಿಸುತ್ತಿದ್ದರು. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ, ಅದಕ್ಕೆ ವೈದ್ಯಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಅಪ್ಪ ಒಂದು ದಿನವೂ ಬೀಡಿ ಸೇದಲಿಲ್ಲ. ಎಲೆ ಅಡಿಕೆಗೂ ತಂಬಾಕು ಹಾಕಲಿಲ್ಲ. ಕಾಲೇಜಿಗೆ ಹೋದ ಮೇಲೆ ನಾನೊಮ್ಮೆ ಕೇಳಿದೆ, “ಅಪ್ಪಾ, ನೀ ಮುಟ್ಟದ್ದನ್ನ ಮಂದಿಗೆ ಯಾಕ ಬೆಳೀತಿ?” ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೇದೋರು ಸೇದ್ತಾರಪ್ಪಾ, ನಾ ಏನು ಅವರ ಬಾಯಾಗ ಇಟ್ಟೇನೇನು? ನಿನ್ನ ಫೀ ಎಲ್ಲಿಂದ ಬಂತು?” ಎಂದ. ನಾನು ಸುಮ್ಮನಾದೆ. ನನ್ನ ಪದವಿಯ ಪ್ರತಿ ರೂಪಾಯಿಯೂ ಆ ಎಲೆಯಿಂದ ಬಂದದ್ದು. ಇವತ್ತು ಆರೋಗ್ಯದ ಬಗ್ಗೆ ಬರೆಯುವ ಈ ಕೈಗೆ ಅಕ್ಷರ ಕೊಟ್ಟದ್ದೂ ಅದೇ. ಇದನ್ನು ಮರೆಮಾಚಿ ಓದುಗರಿಗೆ ಬುದ್ಧಿ ಹೇಳುವುದು ಸರಿಯಲ್ಲ ಎಂದು ಇಲ್ಲಿ ಹೇಳುತ್ತಿದ್ದೇನೆ.

ಅಪ್ಪನಂಥವರಿಗೆ ಬೇರೆ ದಾರಿ ಎಷ್ಟಿತ್ತು? ಮೈಸೂರು ಸೀಮೆಯ ವರ್ಜೀನಿಯಾ ತಂಬಾಕಿಗೆ 1975ರ ಕಾಯ್ದೆಯಿಂದ ಬಂದ ತಂಬಾಕು ಮಂಡಳಿ ಇದೆ, ಹರಾಜು ಕಟ್ಟೆ ಇದೆ. ನಮ್ಮ ಕಡೆಯ ಬೀಡಿ ತಂಬಾಕಿಗೆ ಅದು ಯಾವುದೂ ಇರಲಿಲ್ಲ. ವ್ಯಾಪಾರಿ ಕೇಳಿದ್ದೇ ದರ. ಆ ಹೊಟ್ಟೆಯುರಿಯಿಂದಲೇ 1981ರಲ್ಲಿ ನಿಪ್ಪಾಣಿಯ ಚಳವಳಿ ಎದ್ದದ್ದು. ಶರದ್ ಜೋಶಿಯವರ ನಾಯಕತ್ವದಲ್ಲಿ ಸಾವಿರಾರು ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಬಿಡಾರ ಹೂಡಿ ವಾರಗಟ್ಟಲೆ ಕುಳಿತರು. ಆಗ ರಾಜ್ಯದಲ್ಲಿದ್ದದ್ದು ಗುಂಡೂರಾವ್ ಸರ್ಕಾರ. ಏಪ್ರಿಲಿನಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಅವರು ಕೇಳಿದ್ದು ಬೆಳೆದದ್ದಕ್ಕೆ ತಕ್ಕ ಬೆಲೆ, ಅಷ್ಟೇ. ಆ ಎಲೆ ಮುಂದೆ ಯಾರ ಎದೆಗೆ ಹೋಗುತ್ತದೆ ಎಂದು ಆಗ ಕೇಳಿದವರಿಲ್ಲ. ಸಾಲ ತಲೆಯ ಮೇಲಿರುವವನಿಗೆ ಆ ಪ್ರಶ್ನೆ ಕೇಳುವುದು ನ್ಯಾಯವೂ ಆಗಿರಲಿಲ್ಲ.

ವಖಾರಿಯ ಹೆಂಗಸರ ಪಾಡು ಇದಕ್ಕಿಂತ ಕೆಳಗಿತ್ತು. ಬೆಳಗ್ಗೆ ಒಳಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಹೊರಗೆ. ಒಣಗಿದ ಎಲೆ ಬಡಿದು, ಕಡ್ಡಿ ಆರಿಸಿ, ಜರ್ದಾ ಸಾಣಿಸುವಾಗ ಏಳುವ ಧೂಳು ಕಣ್ಣು, ಮೂಗು, ಎದೆ ಎಲ್ಲ ತುಂಬುತ್ತಿತ್ತು. ಬಾಯಿಗೆ ಸೆರಗು ಕಟ್ಟಿಕೊಳ್ಳುವುದೊಂದೇ ರಕ್ಷಣೆ. ಅವರಲ್ಲಿ ಬಹುಪಾಲು ಮಂದಿ ಬೀಡಿ ಸೇದಿದವರಲ್ಲ, ಆದರೂ ತಂಬಾಕು ಅವರೊಳಗೆ ಇಳಿಯಿತು. ಎಪ್ಪತ್ತರ ದಶಕದ ಕೊನೆಗೆ ಅವರು ಸಂಘ ಕಟ್ಟಿದರು, ಕೆಲಸ ನಿಲ್ಲಿಸಿ ಬೀದಿಗೆ ಬಂದರು. ‘ಯುಗಾಂತರ’ ಎಂಬ ಮಹಿಳಾ ಚಿತ್ರ ತಂಡ, ನಿರ್ದೇಶಕಿ ದೀಪಾ ಧನರಾಜ್ ಅವರೂ ಸೇರಿದ್ದ ತಂಡ, ನಿಪ್ಪಾಣಿಗೆ ಬಂದು ಅವರ ಜತೆಗಿದ್ದು 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರ ಮಾಡಿತು. ಕೆಲಸದ ಕಷ್ಟವನ್ನೂ ಹೋರಾಟವನ್ನೂ ಹೆಂಗಸರು ತಮ್ಮ ಬಾಯಲ್ಲೇ ಹೇಳುವ ಚಿತ್ರ. ನಿಪ್ಪಾಣಿ, ಚಿಕ್ಕೋಡಿಯ ಕಾಲೇಜುಗಳಲ್ಲಿ ಅದನ್ನು ತೋರಿಸಬೇಕು ಎಂಬುದು ನನ್ನ ಬಹುದಿನದ ಆಸೆ. ನಮ್ಮ ಆಯಂದಿರು ಏನು ಮಾಡಿದರು ಎಂದು ಮೊಮ್ಮಕ್ಕಳಿಗೆ ಗೊತ್ತಾಗಬೇಕು.

ಆಯಿ ಎಂದಾಗ ನಮ್ಮ ಆಯಿಯೇ ಕಣ್ಣಿಗೆ ಬರುತ್ತಾಳೆ. ಮುಂಜಾನೆ ಒಲೆಯ ಮೇಲೆ ತಂಬಾಕು ಹುರಿದು, ಪುಡಿ ಮಾಡಿ, ಮಶೇರಿ ಎಂದು ಹಲ್ಲಿಗೆ ಹಚ್ಚಿಕೊಂಡು ಅರ್ಧ ಗಂಟೆ ಗೋಡೆಗೆ ಒರಗಿ ಕೂರುತ್ತಿದ್ದಳು. ಅದು ಹಲ್ಲಿಗೆ ಒಳ್ಳೆಯದು ಎಂದು ಆಕೆಗೆ ಆಕೆಯ ಅವ್ವ ಹೇಳಿದ್ದು. ಹಲ್ಲು ಹೋದ ಮೇಲೂ ಒಸಡಿಗೆ ಹಚ್ಚುತ್ತಿದ್ದಳು. ಅದು ಚಟ ಎಂದು ಮನೆಯಲ್ಲಿ ಯಾರೂ ಎಂದೂ ಹೇಳಿದ್ದಿಲ್ಲ. ಗೊತ್ತಿಲ್ಲದ್ದಕ್ಕೆ ಆಕೆಯನ್ನು ಹೊಣೆ ಮಾಡುವುದು ಹೇಗೆ?

ಮಾಮಾನ ವಿಷಯ ಬೇರೆ. ಅವನಿಗೆ ಗೊತ್ತಿತ್ತು. ಅವ್ವನ ತಮ್ಮ, ವಖಾರಿಯಲ್ಲಿ ಹಮಾಲಿ, ಹನ್ನೆರಡನೇ ವಯಸ್ಸಿಗೆ ಬೀಡಿ ಹಿಡಿದವನು. ಕಾಗವಾಡ, ಅಥಣಿ, ರಾಯಬಾಗದ ಮಂದಿಗೆ ದೊಡ್ಡ ಕಾಯಿಲೆ ಅಂದರೆ ಮೀರಜ. ವಾನ್ಲೆಸ್ ಅವರ ಮಿಷನ್ ಆಸ್ಪತ್ರೆಯ ಕಾಲದಿಂದ ಬಂದ ರೂಢಿ ಅದು, ನಾವೂ ಮಾಮಾನನ್ನು ಆ ಊರಿಗೇ ಕರೆದೊಯ್ದೆವು. ಗಂಟಲಿನ ಕ್ಯಾನ್ಸರ್. ದನಿ ಪೂರಾ ಹೋಗುವ ಮುಂಚೆ ಒಂದು ಸಂಜೆ ನನ್ನ ಕೈ ಹಿಡಿದು ಪಿಸುಗುಟ್ಟಿದ: “ಅಳಿಯಾ, ಒಂದ ಬೀಡಿ ಕೊಡಸೋ.” ಆಸ್ಪತ್ರೆಯ ಹೊರಗಿನ ಚಹಾದಂಗಡಿಯ ಹಿಂದೆ ಕೂರಿಸಿ ಹಚ್ಚಿ ಕೊಟ್ಟೆ. ನಾಲ್ಕೇ ಸಲ ಎಳೆದ, ಕೆಮ್ಮಿದ, ನನ್ನ ಕಡೆ ನೋಡಲಿಲ್ಲ. ನಾನು ಮಾಡಿದ್ದು ಅವನ ಹಕ್ಕಿನ ಮರ್ಯಾದೆಯೋ, ನನ್ನ ಹೊಣೆಯ ಕೈಚೆಲ್ಲುವಿಕೆಯೋ, ಇಂದಿಗೂ ನಿರ್ಧರಿಸಲಾಗಿಲ್ಲ.

ಆ ನಾಲ್ಕು ದಮ್ಮುಗಳ ಹಿಂದೆ ಏನಿತ್ತು ಎಂಬುದು ಮಾತ್ರ ಈಗ ಗೊತ್ತಿದೆ. ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಅಲ್ಲಿ ಹಿತ ಕೊಡುವ ಡೋಪಮೈನ್ ಚಿಮ್ಮುತ್ತದೆ. ಸ್ವಲ್ಪ ಹೊತ್ತಿಗೆ ಅದು ಇಳಿದಾಗ ಕಿರಿಕಿರಿ, ಚಡಪಡಿಕೆ, ಮತ್ತೊಂದು ಬೀಡಿ. ಎಳೆಯ ಮಿದುಳು ಈ ಸುಳಿಗೆ ಬೇಗ ಬೀಳುತ್ತದೆ. ಹನ್ನೆರಡರ ಹುಡುಗ ಬೀಡಿ ಹಿಡಿದದ್ದು ಆಯ್ಕೆ ಎನ್ನಿ ಬೇಕಾದರೆ, ಐವತ್ತೈದರ ಮಾಮಾ ಸೇದಿದ್ದನ್ನು ಪೂರಾ ಆಯ್ಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೇದುವವರ ಪೈಕಿ ಶೇ 55ರಷ್ಟು ಮಂದಿ ಬಿಡುವ ಯೋಚನೆಯಲ್ಲಿದ್ದೇವೆ ಎಂದಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಬಿಡಬೇಕೆಂದೇ ಇದ್ದಾರೆ, ಬಿಡಲಾಗುತ್ತಿಲ್ಲ. 21ರ ವಯಸ್ಸಿನ ಮಿತಿಯನ್ನು ನಾನು ಮನಸ್ಸಿನಿಂದ ಒಪ್ಪುವುದು ಇದೇ ಕಾರಣಕ್ಕೆ. ಮಾಗುವ ಮುಂಚೆಯೇ ಆಯ್ಕೆಯ ಶಕ್ತಿಯನ್ನು ಕಳೆದುಕೊಳ್ಳದ ಹಾಗೆ ಅದು ಹುಡುಗರನ್ನು ಕಾಯುತ್ತದೆ.

ಹೀಗೆ ಆಯಿ, ಅಪ್ಪ, ವಖಾರಿಯ ಹೆಂಗಸರು, ಮಾಮಾ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಡಿದಾಗ ನನಗೆ ತೋರುವುದು ಇಷ್ಟು: ಹೊಣೆಯನ್ನು ಎಲ್ಲರ ತಲೆಗೂ ಸಮನಾಗಿ ಹಂಚಲಾಗದು. ಯಾರ ಕೈಯಲ್ಲಿ ಆಯ್ಕೆ ಎಷ್ಟಿದೆಯೋ ಹೊಣೆಯೂ ಅಷ್ಟೇ ಇರಬೇಕು. ನಮ್ಮಲ್ಲಿ ಆಗುವುದು ತಿರುವುಮುರುವು. ಬೀಡಿ ಸೇದುವ ಕೂಲಿಯವನಿಗೆ ಬುದ್ಧಿವಾದ ಹೇರಳ, ಸುರುಳಿ ಸುತ್ತುವ ಹೆಂಗಸಿಗೆ ಮರುಕ ಹೇರಳ. ಬೇರೆ ಬೆಳೆಗೆ ದರ ಕಟ್ಟುವ, ಬೇರೆ ಕೆಲಸ ಒದಗಿಸುವ ಶಕ್ತಿ ಇರುವವರನ್ನು ಯಾರೂ ಕೇಳುವುದಿಲ್ಲ. ಭಾರತ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದ 17ನೇ ವಿಧಿ, ತಂಬಾಕಿನ ರೈತರಿಗೂ ಕಾರ್ಮಿಕರಿಗೂ ಬದುಕು ನಡೆಯುವಂಥ ಬೇರೆ ದಾರಿ ಕೊಡಿ ಎನ್ನುತ್ತದೆ. ನಮ್ಮ ಸೀಮೆಯಲ್ಲಿ ಎಷ್ಟೋ ಹೊಲ ಕಬ್ಬಿಗೆ, ಸೋಯಾಬೀನಿಗೆ ತಿರುಗಿವೆ, ನೀರು ಬಂದಲ್ಲಿ, ಕಾರ್ಖಾನೆ ಹತ್ತಿರವಿದ್ದಲ್ಲಿ. ಒಣಭೂಮಿಯವನು ಇನ್ನೂ ತಂಬಾಕಿನ ಜತೆಗೇ ಇದ್ದಾನೆ. ಇನ್ನೊಂದು ಕಡೆ, 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟು, ಗುಟ್ಕಾವನ್ನು ಶೇ 40ರ ಪಟ್ಟಿಗೆ ಸೇರಿಸಿ, ಬೀಡಿಯನ್ನು ಮಾತ್ರ ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಕಟ್ಟುವ ಬಡ ಹೆಂಗಸರ ಹೆಸರು ಇಂಥ ಹೊತ್ತಿನಲ್ಲಿ ಮುಂದೆ ಬರುತ್ತದೆ. ಆ ಹೆಂಗಸರ ಮೇಲೆ ಕಾಳಜಿ ಇದ್ದರೆ ಸಾವಿರ ಬೀಡಿಗೆ ಕೊಡುವ ಮಜೂರಿ ಏರಿಸಬಹುದು, ಮಗಳಿಗೆ ಬೇರೆ ಕಸುಬು ಕಲಿಸಬಹುದು. ಬೀಡಿ ಅಗ್ಗವಾದರೆ ಅವಳ ಗಂಡನೇ ಇನ್ನೊಂದು ಕಟ್ಟು ಕೊಳ್ಳುತ್ತಾನೆ ಎಂಬುದು ನನ್ನ ಭಯ.

ಹಕ್ಕು ಮತ್ತು ಹೊಣೆ ಎದುರುಬದುರು ನಿಂತ ಕುಸ್ತಿಪಟುಗಳು, ಒಂದು ಗೆದ್ದರೆ ಇನ್ನೊಂದು ಸೋತಂತೆ ಎಂದು ಮಾತಾಡುವವರಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ತಿಳಿವಳಿಕೆ ಬದಲಾದದ್ದು ಎಚ್‌ಐವಿಯ ವಿಷಯದಲ್ಲಿ. ಅಥಣಿ ತಾಲ್ಲೂಕಿನ ಕೊಕಟನೂರು ಯಲ್ಲಮ್ಮನ ಸುತ್ತಿನ ಸೀಮೆ ದೇವದಾಸಿ ಪದ್ಧತಿಯನ್ನು ಬಹುಕಾಲ ಉಂಡದ್ದು. ಮುತ್ತು ಕಟ್ಟುವುದನ್ನು ರಾಜ್ಯ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಅದಾಗಿ ಕೆಲವು ವರ್ಷಕ್ಕೆ ಎಚ್‌ಐವಿ ಬಂದಾಗ ಬೆಳಗಾವಿ ಜಿಲ್ಲೆ ಗಟ್ಟಿ ಪೆಟ್ಟು ತಿಂದಿತು. ಆ ಕಾಲದಲ್ಲಿ ಹೆಸರು ಹೊರಬಿದ್ದರೆ ಊರು ಬಿಡಬೇಕು, ಬಾವಿಯ ನೀರೂ ಇಲ್ಲ. ಹಾಗಾಗಿ ಮಂದಿ ರಕ್ತ ಪರೀಕ್ಷೆಗೇ ಬರುತ್ತಿರಲಿಲ್ಲ. ತನಗೆ ಸೋಂಕಿದೆಯೆಂದೇ ತಿಳಿಯದವನು ಇನ್ನೊಬ್ಬರನ್ನು ಕಾಯುವುದು ಹೇಗೆ?

2017ರಲ್ಲಿ ಸಂಸತ್ತು ಮಾಡಿದ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯನ್ನು ಓದಿದಾಗ ನನಗೆ ಇಷ್ಟವಾದದ್ದು ಅದರ ಕ್ರಮ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಮನಬಂದಂತೆ ಹೊರಹಾಕುವಂತಿಲ್ಲ, ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ತೆಗೆಯುವಂತಿಲ್ಲ ಎಂದು ಮೊದಲು ಹೇಳುತ್ತದೆ. ಆಮೇಲೆ 10ನೇ ಕಲಮಿನಲ್ಲಿ, ಸೋಂಕಿನ ಸ್ವರೂಪ ತಿಳಿದ ವ್ಯಕ್ತಿ ಅದು ಇನ್ನೊಬ್ಬರಿಗೆ ಹರಡದಂತೆ ಎಲ್ಲ ತಕ್ಕ ಎಚ್ಚರಿಕೆ ವಹಿಸಬೇಕು ಎನ್ನುತ್ತದೆ. ತಿಳಿದವನ ಮೇಲೆ ಮಾತ್ರ ಆ ಹೊಣೆ ಎಂಬುದನ್ನು ಗಮನಿಸಿ. ಹಕ್ಕಿನ ಬಾಗಿಲು ತೆರೆದ ಮೇಲೆ ಮಂದಿ ಒಳಗೆ ಬಂದರು, ಪರೀಕ್ಷೆ ಮಾಡಿಸಿಕೊಂಡರು, ಗುಳಿಗೆ ಹಿಡಿದರು. ಗುಳಿಗೆ ತಪ್ಪದೆ ನುಂಗಿ ವೈರಾಣು ರಕ್ತದಲ್ಲಿ ಕಾಣದಷ್ಟು ಇಳಿದವರಿಂದ ಸಂಗಾತಿಗೆ ಅದು ಹರಡುವುದಿಲ್ಲ. ಹಕ್ಕನ್ನು ಕಾದದ್ದರಿಂದಲೇ ಹೊಣೆ ಹೊರಲು ಸಾಧ್ಯವಾಯಿತು.

ಲಸಿಕೆಯ ಬಗ್ಗೆ ಕೇಳಿದವರಿಗೂ ಒಂದು ಮಾತು. 2021ರಲ್ಲಿ ನಿಪ್ಪಾಣಿಯಾಚೆಯ ಕೊಗನೊಳ್ಳಿ ನಾಕಾದಲ್ಲಿ ಆರ್‌ಟಿ-ಪಿಸಿಆರ್ ವರದಿ ಇಲ್ಲದ ಗಾಡಿಗಳನ್ನು ತಿರುಗಿಸಿ ಕಳಿಸುತ್ತಿದ್ದುದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ತವರು ಕೊಲ್ಲಾಪುರದ ಕಡೆಗೆ, ಗಂಡನ ಮನೆ ಚಿಕ್ಕೋಡಿಯ ಕಡೆಗೆ ಇರುವ ಸೀಮೆ ಇದು. ಸೋಂಕು ತಡೆಯಬೇಕೆಂಬುದೂ ನಿಜ, ಸಾಯುತ್ತಿರುವ ಅವ್ವನ ಮುಖ ನೋಡಬೇಕೆಂಬುದೂ ನಿಜ. ಮರುವರ್ಷ, 2022ರ ಮೇ 2ರಂದು, ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಯಾರಿಗೂ ಒತ್ತಾಯದಿಂದ ಲಸಿಕೆ ಚುಚ್ಚುವಂತಿಲ್ಲ ಎಂದಿತು. ಸಮಾಜದ ಆರೋಗ್ಯಕ್ಕಾಗಿ ಸರ್ಕಾರ ಮಿತಿ ಹೇರಬಹುದು, ಆದರೆ ಆ ಮಿತಿ ಅಪಾಯಕ್ಕೆ ತಕ್ಕಷ್ಟಿರಬೇಕು, ಆಧಾರವಿರಬೇಕು ಎಂದೂ ಹೇಳಿತು. ಆಧಾರ ತೋರಿಸುವ ಹೊಣೆ ತಡೆಯುವವರದು. ನನಗೆ ಇದು ನ್ಯಾಯವೆನಿಸುತ್ತದೆ. ನಾನು ಲಸಿಕೆ ಹಾಕಿಸಿಕೊಂಡದ್ದು ಮನೆಯಲ್ಲಿ ಎಂಬತ್ತು ದಾಟಿದ ಅವ್ವ ಇದ್ದಳೆಂದು. ಯಾರೂ ಒತ್ತಾಯ ಮಾಡಲಿಲ್ಲ.

ಇದನ್ನೆಲ್ಲ ಅರ್ಧ ಬರೆದಿಟ್ಟು ಅಥಣಿಯವರಿಗೆ ಮತ್ತೆ ಫೋನ್ ಮಾಡಿದೆ. ಎರಡೂವರೆ ಎಕರೆ ಕಬ್ಬು, ಕೃಷ್ಣಾ ನದಿಯ ಹತ್ತಿರ. ಬೆಳೆಯ ಮಾತು ತೆಗೆದದ್ದೇ ತಡ, ತಮ್ಮ ಸಂಕಟ ತೋಡಿಕೊಂಡರು. ಮೇಲಿನ ಹೊಲದವನು ರಾತ್ರಿಯಿಡೀ ಮೋಟರ್ ಚಾಲೂ ಇಟ್ಟು ಮಲಗುತ್ತಾನಂತೆ. ಆ ನೀರು ನೆಲದೊಳಗೆ ಇಳಿದು ಇವರ ಹೊಲದಲ್ಲಿ ಮೇಲೆದ್ದು, ಅರ್ಧ ಎಕರೆ ಸವಳು ಹಿಡಿದು ಬೆಳ್ಳಗಾಗಿದೆ. ಅಥಣಿ, ಕಾಗವಾಡ, ರಾಯಬಾಗದ ನದಿ ದಂಡೆಯ ರೈತರಿಗೆ ಈ ಸವಳು-ಜವಳು ಹೊಸದಲ್ಲ. ಉಗಾರ ಬುದ್ರುಕದ ಕಡೆ ರೈತರು ಕೂಡಿ ನೆಲದಡಿ ತೂತಿನ ಪೈಪು ಹೂಳಿ ನೀರು ಬಸಿಯುವಂತೆ ಮಾಡಿದ್ದನ್ನು ನಾನು ಹೇಳಿದೆ. ಅದು ಒಬ್ಬನಿಂದ ಆಗುವ ಕೆಲಸವಲ್ಲ, ಬಸಿದ ನೀರು ಇನ್ನೊಬ್ಬನ ಹೊಲ ದಾಟಿ ಹಳ್ಳ ಸೇರಬೇಕು, ಆ ಇನ್ನೊಬ್ಬ ಒಪ್ಪಬೇಕು.

“ಅವಾ ಏನಂತಾನ ಗೊತ್ತೇನ್ರಿ?” ಎಂದರು ಹಿರಿಯರು. “ಮೋಟರ್ ನಂದು, ಹೊಲಾ ನಂದು, ನಿಂದೇನು ಅಂತಾನ.” ಆಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ನಾನೂ ಏನೂ ಹೇಳಲಿಲ್ಲ.

ಮೊಮ್ಮಗ ಬಂದಿದ್ದಾನೆ, ರಜೆಗೆ, ಎಂದರು ಕೊನೆಗೆ. ಮನೆಯೊಳಗೆ ಸೇದುವುದನ್ನು ಬಿಟ್ಟು ದನದ ಕೊಟ್ಟಿಗೆಯ ಆಚೆ ಕಟ್ಟೆಗೆ ಹೋಗುತ್ತಾರಂತೆ, ನಾಲ್ಕು ದಿನದಿಂದ. ಪೂರಾ ಬಿಡಲು ಹಿಂದೆ ಎರಡು ಸಲ ನೋಡಿದ್ದರು, ಮೂರನೇ ದಿನಕ್ಕೆ ಕೈ ನಡುಗಿ ಮತ್ತೆ ಹಚ್ಚಿದರು. ಎರಡನೇ ಮೂರನೇ ದಿನವೇ ಎಲ್ಲಕ್ಕಿಂತ ಕಷ್ಟದ್ದು, ಅದನ್ನು ದಾಟಿಸಲು ಔಷಧವೂ ಸಲಹೆಯೂ ಸಿಗುತ್ತದೆ, ಬೀಡಿ ಕಟ್ಟಿನ ಮೇಲೇ ಒಂದು ಪುಕ್ಕಟೆ ನಂಬರ್ ಅಚ್ಚಾಗಿರುತ್ತದೆ ಎಂದೆ. ಅಕ್ಷರ ಸಣ್ಣದು, ಕಾಣುವುದಿಲ್ಲ ಎಂದರು. ಕನ್ನಡದಲ್ಲಿ ಮಾತಾಡುತ್ತಾರೋ ಇಲ್ಲವೋ ಎಂದು ಕೇಳಿದರು. ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ಉತ್ತರಿಸುತ್ತಾರೆ, ಕನ್ನಡದಲ್ಲೇ, ಎಂದೆ. ಪೆನ್ನು ತರಲು ಮೊಮ್ಮಗನನ್ನು ಕೂಗಿದರು. 1800-112-356. ಹುಡುಗ ಒಂದೊಂದೇ ಅಂಕಿ ಗಟ್ಟಿಯಾಗಿ ಹೇಳುತ್ತ ಬರೆದ. ಕೊನೆಯ ಎರಡು ಹಿಂದುಮುಂದಾಗಿದ್ದವು, ಇನ್ನೊಮ್ಮೆ ಹೇಳಿ ಬರೆಸಿದೆ.